ನಿಲ್ಲಿಸಿಟ್ಟ ಗುಂಡುಕಲ್ಲು

ನಮ್ಮ ಬೀದಿಗೆ ಬಾಡಿಗೆಗೆ ಬಂದವರು ಒಂದಲ್ಲ ಒಂದು ದಿನ ನನ್ನ ಹತ್ತಿರ ಈ ಮಾತು ಆಡಿಯೇ ಆಡುತ್ತಾರೆ: "ಇಲ್ಲಿ ಮೊದ್ಲು ಏನೂ ಇರ್ಲಿಲ್ವಂತಲ್ಲ ಮೇಡಂ, ಬರೀ ಬಯಲಂತೆ." ನಾನು ಜಗಳಗಂಟಿಯಲ್ಲ. ಆದರೆ ಈ ಮಾತು ಕೇಳಿ ಸುಮ್ಮನಿರುವುದು ನನ್ನಿಂದಾಗದು. ಇತ್ತು. ರಾಗಿ ಹೊಲವಿತ್ತು, ಹುಣಸೆ ಮರಗಳ ತೋಪಿತ್ತು, ತೋಪಿನ ನಡುವೆ ಊರಿಗೆಲ್ಲ ಒಂದೇ ಕಣವಿತ್ತು, ಆ ಕಣದಲ್ಲಿ ನಮ್ಮ ಮನೆಯ ಗುಂಡುಕಲ್ಲಿತ್ತು. ಆ ದಿನಗಳು ರಾಜರ ಕಾಲದವೇನಲ್ಲ. ಅಪ್ಪನ ಜೇಬಿಗೆ ಆಗಲೇ ಮೊಬೈಲು ಬಂದಿತ್ತು. ಜಿಗಣಿಯ ಕಡೆಯಿಂದ ಗ್ರಾನೈಟು ಕೊಯ್ಯುವ ಸದ್ದು ಗಾಳಿ ಬೀಸಿದಾಗ ನಮ್ಮ ಶಾಲೆಯವರೆಗೂ ಕೇಳುತ್ತಿತ್ತು. ನನಗೆ ಹನ್ನೊಂದು ವರ್ಷ.

ಸಂಕ್ರಾಂತಿಯ ಹಿಂದುಮುಂದಿನ ಆ ಚಳಿಯಲ್ಲಿ ಊರಿನ ಮೈಯೆಲ್ಲ ಒಣಹುಲ್ಲಿನ ವಾಸನೆ. ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಹೆಂಗಸರು ತೋಪಿನ ಕಣವನ್ನು ಕೆತ್ತಿ, ನೀರು ಚೆಲ್ಲಿ, ಸಗಣಿ ಬಗ್ಗಡ ಹಾಕಿ ಸಾರಿಸುತ್ತಿದ್ದರು. ಮೂಲೆಯಲ್ಲಿ ಸಗಣಿಯ ಬೆನಕ, ಅವನ ನೆತ್ತಿಗೆ ಗರಿಕೆ. ಬೆನಕ ಕೂತ ಮೇಲೆ ಯಾರೂ ಮೆಟ್ಟಿನ ಕಾಲಲ್ಲಿ ಕಣಕ್ಕೆ ಬರುವ ಹಾಗಿಲ್ಲ. ಆಮೇಲೆ ಎತ್ತಿನ ಜೋಡಿಗೆ ಗುಂಡುಕಲ್ಲು ಕಟ್ಟಿ, ಹರಡಿದ ತೆನೆಯ ಮೇಲೆ ಸುತ್ತು ಹೊಡೆಸುತ್ತಿದ್ದರು. ಕಲ್ಲು ಉರುಳುವಾಗ ಒಣತೆನೆ ಚರಚರ ಎನ್ನುತ್ತಿತ್ತು. ಮಕ್ಕಳಾದ ನಾವು ಕಲ್ಲಿನ ಹಿಂದೆ ಸುತ್ತುತ್ತ, ಹುಲ್ಲಿನ ಗುಡ್ಡೆಯಿಂದ ಜಾರುತ್ತ, ಮೈಯೆಲ್ಲ ತೆನೆಯ ಸುಂಕು ಅಂಟಿಸಿಕೊಂಡು ಸಂಜೆಗೆ ಕೆರೆದುಕೊಳ್ಳುತ್ತ ಮನೆಗೆ ಬರುತ್ತಿದ್ದೆವು. ಅಮ್ಮ ಬಿಸಿನೀರು ಹುಯ್ದು, ಬೈದು, ಸೊಗಡವರೆಯ ಸಾರಿಗೆ ಮುದ್ದೆ ಇಡುತ್ತಿದ್ದಳು. ಆ ಅವರೆಯೂ ರಾಗಿ ಹೊಲದ ಸಾಲುಗಳ ನಡುವೆ ಬೆಳೆದದ್ದೇ.

ಕಣಕ್ಕೆ ಇನ್ನೊಂದು ಕಟ್ಟಳೆಯಿತ್ತು. ರಾಶಿಯಾಗುವ ದಿನ ಅಲ್ಲಿಗೆ ಯಾರೇ ಬಂದಿರಲಿ, ಆಗದವರೇ ಆಗಿರಲಿ, ಅವರಿಗೆ ಒಂದು ಮೊರ ರಾಗಿ ಕೊಟ್ಟೇ ಕಳಿಸಬೇಕು. ಕೊಟ್ಟದ್ದು ಮತ್ತೆ ಮನೆಯೊಳಗೆ ಬರಬಾರದು.

ಗುಂಡುಕಲ್ಲನ್ನು ಕಡೆಸಿ ತಂದವರು ನನ್ನ ಅಜ್ಜಿಯ ಮಾವ. ಊರಿನವರೆಲ್ಲ ಬಳಸುತ್ತಿದ್ದುದರಿಂದ ಅದು ವರ್ಷಪೂರ್ತಿ ತೋಪಿನಲ್ಲೇ ಬಿದ್ದಿರುತ್ತಿತ್ತು. ಅಜ್ಜಿ ಪಿಳ್ಳಮ್ಮ ಎಂದರೆ ನಮ್ಮಪ್ಪನ ತಾಯಿ, ಗಟ್ಟಿ ಗಂಟಲಿನ ಕುಳ್ಳ ಹೆಂಗಸು. ಎಲೆ ಅಡಿಕೆ ಮೆಲ್ಲುತ್ತ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುವುದು ಅವಳ ಕಸುಬು.

ಆ ವರ್ಷ ತೋಪು ಒಂದು ಕಂಪನಿಯ ಪಾಲಾಯಿತು. ಹುಣಸೆ ಮರಗಳು ಹೋದವು, ಕಾಂಪೌಂಡು ಎದ್ದಿತು, ಒಳಗೆ ನೀಲಿ ಶೀಟಿನ ಶೆಡ್ಡು ಬಂತು. ಊರಲ್ಲಿ ಯಾರೂ ತಕರಾರು ಎತ್ತಲಿಲ್ಲ. ಅಷ್ಟು ಹೊತ್ತಿಗೆ ಅರ್ಧ ಊರು ಬಾಡಿಗೆ ರೂಮು ಕಟ್ಟಿಸುವುದರಲ್ಲಿ ಮುಳುಗಿತ್ತು. ರಾಗಿ ಬಿತ್ತಿದ್ದು ನಮ್ಮದೊಂದೇ ಮನೆ. ನಮ್ಮಪ್ಪ ಮುನಿರಾಜು ಅದೇ ಕಂಪನಿಗೆ ಕಂಟ್ರಾಕ್ಟ್ ಮೇಲೆ ಕೆಲಸಕ್ಕೆ ಸೇರಿಕೊಂಡಿದ್ದ. ಇನ್ನು ಮೂರು ತಿಂಗಳಲ್ಲಿ ಪರ್ಮನೆಂಟ್ ಮಾಡುತ್ತಾರೆ ಎಂದು ಅವನಿಗೆ ಯಾರೋ ಆಸೆ ತೋರಿಸಿದ್ದರು. ಅಮ್ಮ ಆ ಮೂರು ತಿಂಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಳು.

ಕಲ್ಲನ್ನು ಮೊದಲು ನೋಡಿದವಳು ನಾನು. ಶಾಲೆಯಿಂದ ಬರುವಾಗ ಕಂಪನಿಯ ಗೇಟು ತೆರೆದಿತ್ತು. ಒಳಗೆ ಹಸಿರು ಹುಲ್ಲು ಹಾಸಿ, ಬಾವುಟದ ಕಂಬದ ಪಕ್ಕದಲ್ಲಿ ನಮ್ಮ ಗುಂಡುಕಲ್ಲನ್ನು ನೆಟ್ಟಗೆ ನಿಲ್ಲಿಸಿದ್ದರು. ಬಿಳಿ ಬಣ್ಣ ಬಳಿದಿದ್ದರು. ಸುತ್ತಲೂ ಚೆಂಡುಹೂವಿನ ಗಿಡ. ನಾನು ಓಡಿಹೋಗಿ ಅಜ್ಜಿಗೆ ಹೇಳಿದೆ. ಹೇಳದೆ ಇದ್ದಿದ್ದರೆ ಮುಂದಿನದು ಏನೂ ಆಗುತ್ತಿರಲಿಲ್ಲ. ಆದರೂ ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

ಅಜ್ಜಿ ಗೇಟಿನವರೆಗೂ ಬಂದು ಕಂಬಿ ಹಿಡಿದು ನೋಡಿದಳು. ಬಣ್ಣ ಬಳಿದದ್ದಕ್ಕೆ ಅವಳೇನೂ ಅನ್ನಲಿಲ್ಲ.

"ನಿಲ್ಲಿಸ್ಬುಟ್ಟವ್ರಲ್ಲ ಕಣಮ್ಮಿ," ಎಂದಳು. "ಉರ್ಳೋ ಕಲ್ಲ ಯಾರಾರ ನಿಲ್ಲಿಸ್ತಾರಾ?"

ಗೇಟಿನ ಕಾವಲಿಗೆ ರಾಯಚೂರು ಕಡೆಯ ಒಬ್ಬ ಹುಡುಗನಿದ್ದ. ಸಾಹೇಬರನ್ನು ಕೇಳಬೇಕವ್ವಾ ಎಂದ. ಅಜ್ಜಿ ಮೂರು ದಿನ ಕೇಳಿದಳು. ಮೂರನೆಯ ದಿನ ಮ್ಯಾನೇಜರು ಕಾರಿನ ಕಿಟಕಿ ಇಳಿಸಿ, "ಅಜ್ಜಿ, ಅದು ನಮ್ಮ ಜಾಗದಲ್ಲಿ ಸಿಕ್ಕಿದ್ದು. ಈಗ ಅದು ಕಂಪನಿದು," ಎಂದು ಹೇಳಿ ಕಿಟಕಿ ಏರಿಸಿಕೊಂಡರು.

ಮನೆಯಲ್ಲಿ ಅಪ್ಪ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. "ಓಗ್ಲಿ ಬುಡವ್ವ. ಟ್ರ್ಯಾಕ್ಟರ್ ಕರ್ಸಿ ಹೊಲ್ದಾಗೇ ತುಳ್ಸಣ," ಎಂದ.

"ತುಳ್ಸು. ನಮ್ ಮಾವುನ್ ಕಲ್ಲು ಅಲ್ಲಿ ಗೂಟುದಂಗೆ ನಿಂತಿರ್ಲಿ."

"ನನ್ ಕೆಲ್ಸ ಓಯ್ತದೆ ಕಣವ್ವ."

"ನಿನ್ ಕೆಲ್ಸ ನೀನು ಮಾಡು. ನಿನ್ನ ಕರೆದ್ನಾ ನಾನು?"

ಅಮ್ಮ ಅಡುಗೆಮನೆಯಿಂದಲೇ, "ಊರೆಲ್ಲ ಅಂಗಡಿ ರಾಗಿ ತಿಂತಾ ಇಲ್ವಾ, ನಮಗೇನ್ ಬಂದಿರೋದು," ಎಂದಳು. ಹೊಲದಲ್ಲೇ ಕಣ ಮಾಡಬಹುದಿತ್ತು, ನಿಜ. ಅಪ್ಪನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಜ್ಜಿಯದು ಹಠವೇ. ಆದರೆ ಆ ಹಠ ಇಲ್ಲದಿದ್ದರೆ ನನ್ನ ಬಾಲ್ಯದಲ್ಲಿ ನೆನೆಯುವಂಥದ್ದು ಏನು ಉಳಿಯುತ್ತಿತ್ತೋ ನನಗೆ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಓವರ್‌ಟೈಮಿಗೆಂದು ಕೆಲಸಕ್ಕೆ ಹೋದ. ಅವನು ಹೋದ ಕೂಡಲೇ ಅಜ್ಜಿ ನನ್ನ ಕೈಗೆ ಒಂದು ಪೊರಕೆ ಕೊಟ್ಟಳು. ಕಂಪನಿಯ ಗೇಟಿನ ಮುಂದೆ ಹೊಸದಾಗಿ ಟಾರು ಹಾಕಿದ ಅಗಲ ರಸ್ತೆ. ನಾನು ಗುಡಿಸಿದೆ, ಅವಳು ಬಕೆಟ್ಟು ಬಕೆಟ್ಟು ಬಗ್ಗಡ ಹುಯ್ದು ಆ ಟಾರನ್ನು ಸಾರಿಸಿದಳು. ಕಪ್ಪು ರಸ್ತೆ ನಮ್ಮ ಕಣ್ಣೆದುರೇ ಹಸಿರು ಕಣವಾಯಿತು. ಟಾರಿನ ವಾಸನೆಯೂ ಸಗಣಿಯ ವಾಸನೆಯೂ ಸೇರಿ ಏಳುತ್ತಿದ್ದ ಆ ಘಾಟು ಇವತ್ತಿಗೂ ನನ್ನ ಮೂಗಿನಲ್ಲಿದೆ. ಸುತ್ತ ಕಲ್ಲು ಜೋಡಿಸಿ, ಸರಿಯಾಗಿ ಗೇಟಿನ ಎದುರಿಗೆ ಬೆನಕನನ್ನು ಕೂರಿಸಿದಳು. ಬಿಸಿಲೇರಿ ಬಗ್ಗಡ ಒಣಗುವ ಹೊತ್ತಿಗೆ ಪಕ್ಕದ ಹಳ್ಳಿಯಿಂದ ಅವಳ ತಮ್ಮ ಎತ್ತಿನ ಗಾಡಿ ಹೊಡೆದುಕೊಂಡು ಬಂದು ನಮ್ಮ ಮೆದೆಯ ರಾಗಿ ಹೇರಿ ತಂದ. ನಾವು ಗಾಡಿಯಿಂದ ರಾಗಿ ಕಂತೆ ಇಳಿಸಿ ತೆನೆ ಹರಡಿದೆವು. ಎಲ್ಲ ಇತ್ತು, ಕಲ್ಲೊಂದಿರಲಿಲ್ಲ. ಅಜ್ಜಿ ಎತ್ತುಗಳನ್ನು ಕಣದ ನಡುವೆ ನಿಲ್ಲಿಸಿ ತಾನು ಎಲೆ ಅಡಿಕೆ ಹಾಕಿಕೊಂಡು ಕೂತಳು.

ಕಾವಲಿನ ಹುಡುಗ ಗಾಬರಿಯಾಗಿ ಫೋನು ಮಾಡಿದ. ಮಾಡಿದವನು ಕಣದ ಅಂಚಿಗೆ ಬಂದು, ಒಂದು ಗಳಿಗೆ ನಿಂತು, ತನ್ನ ಬೂಟು ಬಿಚ್ಚಿದ. "ನಮ್ಮೂರಾಗೂ ಕಣಕ್ಕ ಚಪ್ಪಲಿ ಹಾಕ್ಕೊಂಡು ಬರಂಗಿಲ್ಲ ಯವ್ವಾ," ಎಂದ. ಅಜ್ಜಿ ಅವನಿಗೂ ಒಂದು ಎಲೆ ಮಡಚಿ ಕೊಟ್ಟಳು.

ಮ್ಯಾನೇಜರ ಕಾರು ಬಂದಾಗ ಗೇಟಿಗೆ ಹೋಗಲು ದಾರಿಯಿರಲಿಲ್ಲ. ಅವರು ಇಳಿದು ಬಂದರು. ಪಾಪ, ರಜಾ ದಿನ, ಮಗಳ ಜೊತೆ ಎಲ್ಲಿಗೋ ಹೊರಟಿದ್ದವರಂತೆ ಕಾಣುತ್ತಿದ್ದರು. ಹಿಂದಿನ ಸೀಟಿನಲ್ಲಿ ನನ್ನ ವಯಸ್ಸಿನ ಹುಡುಗಿಯೊಬ್ಬಳು ಗಾಜಿಗೆ ಮೂಗು ಒತ್ತಿ ಎತ್ತುಗಳನ್ನೇ ನೋಡುತ್ತಿದ್ದಳು.

"ಏನಜ್ಜಿ ಇದು, ರೋಡಿಗೆ ಸಗಣಿ ಸಾರ್ಸೋದಾ? ನಾಳೆ ಬೆಳಿಗ್ಗೆ ಕಸ್ಟಮರ್ ವಿಸಿಟ್ ಇದೆ ನಮಗೆ," ಎನ್ನುತ್ತ ಅವರು ಒಂದು ಹೆಜ್ಜೆ ಮುಂದಿಟ್ಟರು.

"ಮೆಟ್ಟು ಬುಟ್ಟು ಬನ್ನಿ ಸಾಮಿ. ಇದು ಕಣ," ಎಂದಳು ಅಜ್ಜಿ.

ಮೇಲೆತ್ತಿದ್ದ ಕಾಲು ಹಾಗೇ ಹಿಂದಕ್ಕೆ ಹೋಯಿತು. ಅವರು ಪೊಲೀಸರ ಹೆಸರೆತ್ತಿದರು. "ಕರೀರಿ, ಅವ್ರೂ ಬೂಟು ಬಿಚ್ಚೇ ಬರ್ಲಿ. ನನ್ ಕಲ್ಲು ಕೊಟ್ರೆ ಸಂಜೆ ಒಳಗೆ ರಸ್ತೆ ತೊಳ್ದು ಒಪ್ಪುಸ್ತೀನಿ," ಎಂದಳು ಅಜ್ಜಿ. ಅವರಿಗೂ ಸಾಕಾಗಿ ಕಾವಲಿನವನಿಗೆ, "ಈ ಊರಿನವನು ಒಬ್ಬ ಇದಾನಲ್ಲ ಶೆಡ್ಡಲ್ಲಿ, ಅವನ್ನ ಕರಿ. ಅವನ ಮಾತಾದ್ರೂ ಕೇಳ್ತಾರೇನೋ ನೋಡೋಣ," ಎಂದರು.

ಅಪ್ಪ ಹೊರಗೆ ಬಂದ. ನೀಲಿ ಯೂನಿಫಾರಂ, ಕಾಲಿಗೆ ಕಂಪನಿ ಕೊಟ್ಟ ದಪ್ಪ ಬೂಟು. ನನಗೆ ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಳ್ಳಬೇಕೆನ್ನಿಸಿತು, ಗೋಡೆಯ ಕ್ಯಾಲೆಂಡರು ನೆನಪಾಯಿತು.

"ಮುನಿರಾಜು, ಈ ಅಜ್ಜಿಗೆ ಸ್ವಲ್ಪ ಹೇಳಪ್ಪ. ನಿಮ್ಮೂರವರು ತಾನೆ?"

ಅಪ್ಪ ಮ್ಯಾನೇಜರನ್ನು ನೋಡಿದ, ಅಜ್ಜಿಯನ್ನು ನೋಡಿದ. ಅಜ್ಜಿ ಅವನ ಕಡೆ ನೋಡಲೇ ಇಲ್ಲ, ತೆನೆಯನ್ನು ಕೈಯಿಂದ ಸರಿಮಾಡುತ್ತಿದ್ದಳು. ನಿನ್ನ ಕರೆದೆನಾ ಎಂದು ಕೇಳಿದ್ದವಳು ಈಗಲೂ ಕರೆಯಲಿಲ್ಲ.

"ನಮ್ಮವ್ವ ಸಾರ್," ಎಂದ ಅಪ್ಪ.

ಆಮೇಲೆ ಕಣದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬೂಟಿನ ದಾರ ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು, ಬಹಳ ಹೊತ್ತು ಹಿಡಿಯಿತು. ಎರಡೂ ಬೂಟನ್ನು ಜೋಡಿಸಿ ಕಣದ ಹೊರಗಿಟ್ಟು, ಬರಿಗಾಲಲ್ಲಿ ಗೇಟಿನೊಳಕ್ಕೆ ನಡೆದು, ಒಂದು ಹಾರೆ ತಂದು ಕಲ್ಲಿನ ಬುಡಕ್ಕೆ ಕೊಟ್ಟ. ಅಜ್ಜಿಯ ತಮ್ಮನೂ ಓಡಿದ. ಕಾವಲಿನ ಹುಡುಗ ಮ್ಯಾನೇಜರ ಮುಖ ನೋಡಿ, ನೆಲ ನೋಡಿ, ಕೊನೆಗೆ ತಾನೂ ಹೋಗಿ ಹೆಗಲು ಕೊಟ್ಟ. ಕಲ್ಲು ಅಲುಗಿತು, ವಾಲಿತು, ಚೆಂಡುಹೂವಿನ ಮೇಲೆ ಧಪ್ಪೆಂದು ಮಲಗಿತು. ಮೂವರೂ ಅದನ್ನು ಉರುಳಿಸಿಕೊಂಡು ಬಂದರು. ಕಾರಿನೊಳಗಿನ ಹುಡುಗಿ ಚಪ್ಪಾಳೆ ತಟ್ಟಿದಳು. ಮ್ಯಾನೇಜರು ಅವಳನ್ನು ಗದರಿ, ಕಾರು ತಿರುಗಿಸಿಕೊಂಡು ಹೋದರು.

ಅವತ್ತು ಸಂಜೆಯವರೆಗೂ ಬಿಳಿ ಬಣ್ಣದ ಕಲ್ಲು ಟಾರು ರಸ್ತೆಯ ಮೇಲೆ ಸುತ್ತಿತು. ಬಾಡಿಗೆ ರೂಮುಗಳ ಜನವೆಲ್ಲ ನೋಡಲು ಬಂದರು. ಚಪ್ಪಲಿಗಳು ಅಂಚಿನಲ್ಲಿ ಸಾಲಾಗಿ ಕೂತವು. ಬೆಳಿಗ್ಗೆ ಬೈಯುತ್ತಿದ್ದ ಅಮ್ಮ ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ ಹೊತ್ತು ತಂದವಳು ಮೊರ ಹಿಡಿದು ರಾಗಿ ತೂರಲು ನಿಂತುಬಿಟ್ಟಳು. ರಾಶಿಯಾದಾಗ ಬಂದವರಿಗೆಲ್ಲ ಮೊರದಲ್ಲಿ ರಾಗಿ ಹೋಯಿತು. ಕಾವಲಿನ ಹುಡುಗ ತನ್ನ ಟೋಪಿಯಲ್ಲಿ ಹಿಡಿದುಕೊಂಡ. ಆಮೇಲೆ ನಾವೆಲ್ಲ ಸೇರಿ ರಸ್ತೆ ತೊಳೆದೆವು.

ಸೋಮವಾರ ಅಪ್ಪ ಕೆಲಸಕ್ಕೆ ಹೊರಟಾಗ ಅಜ್ಜಿ ಒಂದು ಬಟ್ಟೆಯ ಚೀಲ ಕೊಟ್ಟಳು. "ನಿಮ್ ಸಾಹೇಬ್ರೂ ಕಣುಕ್ಕೆ ಬಂದಿದ್ರಲ್ಲ, ಅವ್ರ ಮೊರ ಕೊಟ್ಬುಡು."

ಅಪ್ಪ ಅರ್ಧ ಗಂಟೆಯಲ್ಲಿ ವಾಪಸು ಬಂದ. ಕೈಯಲ್ಲಿ ಚೀಲ ಹಾಗೇ ಇತ್ತು. ಗೇಟಿನ ಒಳಗೆ ಬಿಟ್ಟಿರಲಿಲ್ಲ. ಕಾವಲಿಗೆ ಬೇರೆ ಯಾರೋ ನಿಂತಿದ್ದರಂತೆ. ಆ ರಾಯಚೂರಿನ ಹುಡುಗ ಎಲ್ಲಿಗೆ ಹೋದನೆಂದು ನಮಗೆ ಗೊತ್ತಾಗಲೇ ಇಲ್ಲ, ಅವನ ಹೆಸರನ್ನೂ ನಾವು ಕೇಳಿಕೊಂಡಿರಲಿಲ್ಲ. ಆ ಸಂಕಟ ನನಗೆ ಈಗಲೂ ಇದೆ.

ಅಮ್ಮ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು ಅತ್ತಳು. ಅಜ್ಜಿ ಚೀಲವನ್ನು ಹೊಸ್ತಿಲು ದಾಟಿಸಲಿಲ್ಲ. ಅದರ ಬಾಯಿ ಬಿಚ್ಚಿ ರಾಗಿಯನ್ನೆಲ್ಲ ಗುಬ್ಬಿಗಳಿಗೆ ಚೆಲ್ಲಿದಳು. ಅಪ್ಪನ ಮುಂದೆ ಬಂದು ನಿಂತು, "ಬೈಯ್ಯಿ ನನ್ನ," ಎಂದಳು.

"ಯಾಕವ್ವ ಬೈಲಿ," ಎಂದ ಅಪ್ಪ. "ಕಲ್ಲು ಬಂತಲ್ಲ."

ಅಪ್ಪ ಆಮೇಲೆ ಗ್ರಾನೈಟು ಪಾಲಿಶ್ ಕೆಲಸಕ್ಕೆ ಸೇರಿದ. ಆ ಧೂಳಿಗೆ ಈಗ ಅವನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಜ್ಜಿ ಹೋಗಿ ಒಂಬತ್ತು ವರ್ಷವಾಯಿತು. ಹೊಲದಲ್ಲಿ ಅರ್ಧ ರಸ್ತೆಗೆ ಹೋಯಿತು, ಉಳಿದರ್ಧದಲ್ಲಿ ನಾವೂ ಬಾಡಿಗೆ ಮನೆ ಕಟ್ಟಿಸಿದೆವು. ಅದಕ್ಕೆ ತಲೆ ತಗ್ಗಿಸುವವಳು ನಾನಲ್ಲ, ನಾವೂ ಬದುಕಬೇಕು. ಆದರೆ ಏನೂ ಇರಲಿಲ್ಲ ಎನ್ನುವವರಿಗೆ ಮಾತ್ರ ನಾನು ನಮ್ಮ ಬಾಗಿಲ ಪಕ್ಕದಲ್ಲಿ ಮಲಗಿರುವ ಕಲ್ಲನ್ನು ತೋರಿಸುತ್ತೇನೆ. ಅದರ ಗೀರುಗಳೊಳಗೆ ಆ ಬಿಳಿ ಬಣ್ಣ ಇನ್ನೂ ಉಳಿದಿದೆ.

ಹೋದ ವರ್ಷ ಎದುರಿನ ಅಪಾರ್ಟ್‌ಮೆಂಟಿನವರೊಬ್ಬರು ಬಂದು, ತಮ್ಮ ಪಾರ್ಕಿನಲ್ಲಿ ಇಡಲು ಕಲ್ಲನ್ನು ಕೊಡುತ್ತೀರಾ ಎಂದು ಕೇಳಿದರು. ಅಪ್ಪ ಕೂತಲ್ಲಿಂದಲೇ, "ನಿಲ್ಲಿಸ್ತೀರಾ, ಮಲಗಿಸ್ತೀರಾ?" ಎಂದ. ನಿಲ್ಲಿಸಿದರೆ ಚೆನ್ನಾಗಿ ಕಾಣುತ್ತದೆ ಎಂದರು ಅವರು.

"ಅದು ಉರ್ಳೋ ಕಲ್ಲು ಸಾರ್. ಕೊಡಲ್ಲ."

"ಉರುಳೋಕೆ ಇಲ್ಲಿ ಜಾಗ ಎಲ್ಲಿದೆ ಯಜಮಾನ್ರೇ?" ಎಂದು ನಕ್ಕು ಅವರು ಹೋದರು.

ಜಾಗ ಇಲ್ಲ ಎಂಬುದು ನಮಗೂ ಗೊತ್ತು. ಆಗ ದಿನವಿಡೀ ಎಣಿಸಲಾಗದಷ್ಟು ಸುತ್ತು ಸುತ್ತುತ್ತಿದ್ದ ಕಲ್ಲಿಗೆ ಈಗ ಉಳಿದಿರುವುದು ವರ್ಷಕ್ಕೆ ಒಂದೇ ಸಲ, ನಮ್ಮ ಬಾಗಿಲಿನಿಂದ ಬೀದಿ ಕೊನೆಯ ಟ್ರಾನ್ಸ್‌ಫಾರ್ಮರಿನವರೆಗೆ ಹೋಗಿ ಬರುವಷ್ಟು ದಾರಿ. ಸಂಕ್ರಾಂತಿಯ ಬೆಳಿಗ್ಗೆ ಅಪ್ಪ ಚಪ್ಪಲಿಯನ್ನು ಬಾಗಿಲಲ್ಲಿ ಬಿಡುತ್ತಾನೆ, ನಾನೂ ಬಿಡುತ್ತೇನೆ, ಇಬ್ಬರೂ ಬಗ್ಗಿ ಕಲ್ಲನ್ನು ಬೀದಿಯ ನಟ್ಟನಡುವೆ ತಳ್ಳುತ್ತೇವೆ. ನಾಲ್ಕು ಹೆಜ್ಜೆಗೊಮ್ಮೆ ಅಪ್ಪ ನಿಂತು ಉಸಿರೆಳೆದುಕೊಳ್ಳುತ್ತಾನೆ. ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತವೆ. ನಾವು ದಾರಿ ಬಿಡುವುದಿಲ್ಲ.