ಬೊಟ್ಟಿಟ್ಟ ಪರಸಿ

ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಗಂಗಕ್ಕನಿಗೆ ಆರು ವರ್ಷ ಹೇಳಲಿಲ್ಲ. ಅಕ್ಕ ತಮ್ಮ ಒಂದೇ ಮನೆಯಲ್ಲಿದ್ದೆವು, ಒಂದೇ ಬುಟ್ಟಿಯ ರೊಟ್ಟಿ ತಿನ್ನುತ್ತಿದ್ದೆವು. ಆದರೂ ಹೇಳಲಿಲ್ಲ.

ಇಳಕಲ್ಲಿನ ನಮ್ಮ ಮನೆಗೆ ಬಂದವರು ಮೊದಲು ನೆಲ ನೋಡುತ್ತಿದ್ದರು. ನೆಲಕ್ಕೆ ಹಾಸಿದ ಚೌಕ ಕಲ್ಲುಗಳು, ಅಂದರೆ ಪರಸಿಗಳು, ಒಟ್ಟು ನಲವತ್ತೆಂಟು. ಕೆಲವಕ್ಕೆ ನಡುವೆ ಕೆಂಪು ಬೊಟ್ಟು, ಕೆಲವಕ್ಕೆ ಇಲ್ಲ. ಬೊಟ್ಟಿದ್ದವು ನಮ್ಮವು, ಇಲ್ಲದವು ಬ್ಯಾಂಕಿನವು. ಮನೆ ಕೊಳ್ಳುವಾಗ ಬೆಲೆಯ ಕಾಲು ಭಾಗವನ್ನು ಅಕ್ಕ ಸೀರೆ ನೇಯ್ದ ಕೂಲಿಯಲ್ಲಿ ಕೂಡಿಸಿಕೊಟ್ಟಿದ್ದಳು, ಉಳಿದದ್ದು ಸಾಲ. ಒಳಗೆ ಕಾಲಿಟ್ಟ ದಿನವೇ ಬಾಗಿಲಿಗೆ ಹಚ್ಚಿ ಉಳಿದ ಬಣ್ಣದಲ್ಲಿ ಬೆರಳದ್ದಿ, ಒಲೆಯ ಬುಡದಿಂದ ಹನ್ನೆರಡು ಪರಸಿಗೆ ಬೊಟ್ಟಿಟ್ಟಳು.

"ಇಷ್ಟ ನಮ್ಮವು. ರೊಟ್ಟಿ ಅಂತೂ ನಮ್ಮ ಜಾಗಾದಾಗ ಬೇಯತಾವ."

ವರ್ಷಕ್ಕೊಮ್ಮೆ ಬ್ಯಾಂಕಿನ ಚೀಟಿ ಬಂದಾಗ ಬಡ್ಡಿಯ ಅಂಕಿಯನ್ನು ಹೆಬ್ಬೆರಳಿನಿಂದ ಮುಚ್ಚಿ, ಅಸಲು ಎಷ್ಟು ಇಳಿಯಿತೆಂದಷ್ಟೇ ನೋಡುತ್ತಿದ್ದಳು. "ಬಡ್ಡಿ ಅಂದ್ರ ಅವರ ಪರಸಿ ಮ್ಯಾಲ ನಿಂತಿದ್ದಕ್ಕ ಬಾಡಿಗಿ. ಅಸಲ ಇಳದ್ರ ಪರಸಿ ನಮ್ಮ ಕಡೆ ಬರತಾವ." ಮೊದಲ ವರ್ಷ ಬಂದದ್ದು ಒಂದೇ. ಆಮೇಲೆ ಹೆಚ್ಚಿಗೆ ನೇಯ್ದ ಸೀರೆಯ ಕೂಲಿಯನ್ನೆಲ್ಲ ಕಂತಿನ ಜೊತೆಗೆ ಅಸಲಿಗೇ ಕಟ್ಟಿಬರುತ್ತಿದ್ದಳು.

ಪಕ್ಕದ ಮನೆಯ ಶಾಂತವ್ವ ಬೊಟ್ಟಿಲ್ಲದ ಕಲ್ಲಿನ ಮೇಲೆ ಕೂತರೆ ಮುಗಿಯಿತು.

"ಇತ್ಲಾಗ ಸರಿಬೇ. ಅಲ್ಲಿ ಕುಂತ್ರ ಚಾ ಬ್ಯಾಂಕಿನವರ ಕೊಡಬೇಕು."

"ಕುಂತಿದ್ದಕ್ಕೂ ಬಡ್ಡಿ ಹಾಕ್ತಾರೇನ?"

"ಹಾಕ್ತಾರ. ಏಳು."

ಅಕ್ಕ ನೇಯುತ್ತಿದ್ದುದು ಬೇರೆಯವರ ಮನೆಯ ಮಗ್ಗದಲ್ಲಿ. ಮನೆಯಲ್ಲೇ ಸ್ವಂತ ಕುಣಿಮಗ್ಗ ಹೂಡುವುದು ಅವಳ ಆಸೆ; ಅದಕ್ಕೆ ಕಾಲು ಇಳಿಬಿಡಲು ನೆಲ ಅಗೆಯಬೇಕು. ಕಿಟಕಿಯ ಮೂಲೆಯಲ್ಲಿ ಬೆಳಕು ಬೀಳುವ ನಾಲ್ಕು ಪರಸಿಗಳ ಮೇಲೆ ಅವಳ ಕಣ್ಣಿತ್ತು. ಅವು ಕಡೆಯ ಸಾಲಿನವು. ಈಗಲೇ ಅಗೆ ಎಂದರೆ, "ಬ್ಯಾಂಕಿನ ನೆಲಾ ನಾ ಯಾಕ ಅಗೀಲಿ? ನಮ್ಮದಾದ ದಿನಾ ಅಗೀತೇನಿ" ಎನ್ನುತ್ತಿದ್ದಳು.

ಒಮ್ಮೆ ಬ್ಯಾಂಕಿನ ಸಾಹೇಬರು ಬಂದರು. ಅಕ್ಕ ಅವರನ್ನು ಬೊಟ್ಟಿಲ್ಲದ ಕಡೆ ಕೂರಿಸಿ, "ನಿಮ್ಮ ಜಾಗಾದಾಗ ಆರಾಮ ಕುಂಡರ್ರಿ" ಎಂದಳು. ಊರಲ್ಲಿ ಮನೆಗಳ ಬೆಲೆ ಏರಿದೆ, ಸಾಲ ಏರಿಲ್ಲ, ಆದ್ದರಿಂದ ನಿಮ್ಮ ಪಾಲು ಬೆಳೆದಿದೆ ಎಂದು ಅವರು ವಿವರಿಸಿದರು.

"ಅಂದ್ರ ನಮ್ಮ ಪರಸಿ ದಪ್ಪ ಆಗ್ಯಾವ ಅನ್ರಿ."

ಸಾಹೇಬರು ನಕ್ಕು ಚಹಾ ಚೆಲ್ಲಿಕೊಂಡರು. "ಆ ಪಾಲಿನ ಮ್ಯಾಲ ಮತ್ತ ಸಾಲಾನೂ ಸಿಗತೈತ್ರಿ."

"ದಪ್ಪ ಆದೂ ಅಂತ ಕೊಯ್ಯಾಕ ಹೋಗಬಾರದ್ರಿ" ಎಂದಳು ಅಕ್ಕ. ನನಗೆ ಕೇಳಿಸಿದ್ದು ಸಾಹೇಬರ ಮಾತಷ್ಟೇ.

ನನಗೆ ಗುಡೂರಿನ ದಾರಿಯಲ್ಲಿ ಸ್ವಂತ ಟಂಟಂ ಆಟೋ ಓಡಿಸುವ ಹುಚ್ಚು. ಮನೆಯ ಕಾಗದ ಇಬ್ಬರ ಹೆಸರಲ್ಲಿತ್ತು. ಬಡ್ಡಿ ಕಡಿಮೆ ಮಾಡುವ ಅರ್ಜಿ ಎಂದು ಹೇಳಿ ಅಕ್ಕನ ಸಹಿ ಪಡೆದೆ. ಅವಳು ಖುಷಿಯಲ್ಲಿ ಬೇಡದ ಜಾಗದಲ್ಲೂ ಒಂದು ಸಹಿ ಹಾಕಿದಳು. ಮನೆಯ ಮೇಲೆ ಹಾಗೆ ಎತ್ತಿದ ಹೊಸ ಸಾಲದಲ್ಲಿ ಟಂಟಂ ಬಂದಾಗ ಗೆಳೆಯನದು ಎಂದೆ. ಅದು ಗುಡೂರಿಗಿಂತ ಹೆಚ್ಚು ಸಲ ಗ್ಯಾರೇಜಿಗೆ ಹೋಯಿತು.

ಆ ವರ್ಷದ ಚೀಟಿಯಲ್ಲಿ ಸಾಲ ಇಳಿಯುವ ಬದಲು ಏರಿತ್ತು. ಅಕ್ಕ ಎರಡು ಸಲ ಓದಿದಳು, ಯಾವ ಅಂಕಿಯನ್ನೂ ಮುಚ್ಚಲಿಲ್ಲ. ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಹತ್ತು ಬೊಟ್ಟು ಅಳಿಸುತ್ತ ನನ್ನ ಹಾಸಿಗೆಯವರೆಗೆ ಬಂದಳು.

"ಏಳಪಾ ತಮ್ಮಾ. ನೀ ಬ್ಯಾಂಕಿನ ಜಾಗಾದಾಗ ಮಲಗೀದಿ."

ಅಷ್ಟೇ. ನಾನು ಎದ್ದು ಹಾಸಿಗೆ ಸುತ್ತಿದೆ.

ಟಂಟಂ ಅರ್ಧ ಬೆಲೆಗೆ ಮಾರಿ, ಬೇರೆಯವರ ಜೀಪು ಓಡಿಸಿದೆ. ಬೊಟ್ಟುಗಳು ಒಂದೊಂದಾಗಿ ಮರಳಿದವು. ಆದರೆ ಕಿಟಕಿಯ ಮೂಲೆ ತಲುಪುವ ಹೊತ್ತಿಗೆ ಅಕ್ಕನ ಮೊಣಕಾಲು ಮಡಚುತ್ತಿರಲಿಲ್ಲ. "ಕುಣಿಯಾಗ ಇಳದ್ರ ನನ್ನ ಮ್ಯಾಲ ಎತ್ತಾಕ ಬ್ಯಾಂಕಿನವರನ್ನ ಕರೀಬೇಕು" ಎಂದು ನಗುತ್ತಿದ್ದಳು.

ಸಾಲ ತೀರಿ ಮನೆಯ ಕಾಗದ ಕೈಗೆ ಬಂದ ದಿನ ಅವಳು ಹಾಸಿಗೆ ಹಿಡಿದಿದ್ದಳು. ಮುಂದಿನ ತಿಂಗಳು ಅವಳಿರಲಿಲ್ಲ. ಕಾಗದ ಬಂದ ಆ ದಿನ ಮಂಚದ ಕೆಳಗಿನ ಬಣ್ಣದ ಡಬ್ಬಿ ತೋರಿಸಿ, "ನೀನ ಇಡು" ಎಂದಳು. ಕಿಟಕಿಯ ಮೂಲೆಯ ಪರಸಿಗಳಿಗೆ ಮೂರು ಬೊಟ್ಟು ಇಟ್ಟೆ. ನಾಲ್ಕನೆಯದಕ್ಕೆ ಬೆರಳು ಏಳಲಿಲ್ಲ.

"ಅಕ್ಕಾ, ಬಡ್ಡಿ ಕಡಿಮಿ ಆಗೋ ಕಾಗದ ಅಂತ ನಾ ಸುಳ್ಳ ಹೇಳಿದ್ದೆ. ಇಲ್ಲಿ ನಿನ್ನ ಮಗ್ಗ ಇರಬೇಕಿತ್ತು. ತಪ್ಪಾತು."