ನೆದಾ ಅಜ್ಜಿಯ ಮಗನನ್ನು ಬದುಕಿಸಿದ ಗೆನೊವೆವಾ

ನಮ್ಮ ವರ್ಬಾನ್ ಊರಿನಲ್ಲಿ ಚುನಾವಣೆಗೆ ನಿಲ್ಲುವವರಿಗೆ ಪೊಲೀಸರ ಭಯವಿಲ್ಲ, ದೇವರ ಭಯ ಮೊದಲೇ ಇಲ್ಲ. ಇದ್ದದ್ದು ಗೆನೊವೆವಾ ಪಾಂತೆವಾಳ, ಅಂದರೆ ನಮ್ಮ ಗೆನಾಳ, ಭಯ ಒಂದೇ. ನನ್ನ ಕಾಫಿ ಅಂಗಡಿಯ ಮೇಲಿನ ಮನೆ ಅವಳದು. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಆಮೇಲೆ ಅವಳು ರಾಜಧಾನಿ ಸೋಫಿಯಾಕ್ಕೆ ಹೋಗಿ, ಹಳೆಯ ದಾಖಲೆಗಳ ಭಂಡಾರವೊಂದರಲ್ಲಿ ಆಯಸ್ಸೆಲ್ಲ ಧೂಳು ಕುಡಿದು, ಪಿಂಚಣಿ ಬಂದ ಮೇಲೆ ಊರಿಗೆ ಮರಳಿದಳು. ಮದುವೆಯಾಗಲಿಲ್ಲ, ಬೆಕ್ಕನ್ನೂ ಸಾಕಲಿಲ್ಲ. ಬೆಕ್ಕಿಗೆ ಜನನ ಪತ್ರ ಇಲ್ಲವಲ್ಲ, ಅದಕ್ಕೇ ಇವಳಿಗೆ ಅದರ ಮೇಲೆ ನಂಬಿಕೆ ಇಲ್ಲ ಎಂದು ನಾನು ರೇಗಿಸುತ್ತಿದ್ದೆ.

ಪುರಸಭೆಯ ಚುನಾವಣೆ ಬಂತೆಂದರೆ ಒಂದೊಂದು ಪಕ್ಷವೂ ಉದ್ದನೆಯ ಪಟ್ಟಿ ಹೊರಡಿಸುತ್ತದೆ. ಮೇಲಿನ ಎರಡು ಹೆಸರು ಊರಿಗೆಲ್ಲ ಗೊತ್ತು. ಕೆಳಗಿನವರು ನಿಂತಿರುವುದು ಅವರ ಹೆಂಡತಿಗೂ ಗೊತ್ತಿರುವುದಿಲ್ಲ. ಗೆನಾ ಹಿಡಿಯುತ್ತಿದ್ದದ್ದು ಆ ಕೆಳಗಿನವರನ್ನೇ. 'ಮೇಲಿನವರನ್ನ ಪತ್ರಿಕೆಯವರು ನೋಡ್ಕೋತಾರೆ ಕಣೇ ಮಿಂಕಾ, ಕದಿಯೋದು ಕೆಳಗಿನವರು' ಎನ್ನುತ್ತಿದ್ದಳು. ಇಂಥವರ ಬಗ್ಗೆ ಸಿಗುವುದಾದರೂ ಏನು? ಕಂಪನಿಗಳ ನೋಂದಣಿಯಲ್ಲಿ ಒಂದು ಸಾಲು, ಪುರಸಭೆಯ ಹರಾಜಿನ ಹಳೆಯ ಪ್ರಕಟಣೆ, ನ್ಯಾಯಾಲಯದ ತೀರ್ಪಿನಲ್ಲಿ ಅರ್ಧ ಹೆಸರು. ಅಷ್ಟರಲ್ಲೇ ಅವಳು ಆ ಮನುಷ್ಯನ ಪೂರ್ತಿ ಚಿತ್ರ ಕಣ್ಣೆದುರು ನಿಲ್ಲಿಸಿ, ಒಂದು ಹಾಳೆಯಲ್ಲಿ ಬರೆದು ಬಸ್ ನಿಲ್ದಾಣದಲ್ಲಿ ಅಂಟಿಸಿಬಿಡುತ್ತಿದ್ದಳು. ಉಳಿದದ್ದಕ್ಕೆ ಬೀದಿಯ ಸಾವಿನ ಚೀಟಿಗಳಿದ್ದವು. ನಮ್ಮಲ್ಲಿ ಸತ್ತವರ ಫೋಟೊ ಹಾಕಿದ ಚೀಟಿ ಬಾಗಿಲಿಗೆ, ಕಂಬಕ್ಕೆ, ಬಸ್ ನಿಲ್ದಾಣದ ಹಲಗೆಗೆ ಅಂಟುತ್ತದೆ, ವರ್ಷ ತಿರುಗಿದಾಗ ಮತ್ತೆ ಹೊಸದು ಅಂಟುತ್ತದೆ. ಕೆಳಗೆ ದುಃಖಿತರ ಹೆಸರು ಇರುತ್ತದಲ್ಲ, ಯಾರು ಯಾರ ಅಳಿಯ, ಯಾರು ಯಾರ ಷಡ್ಡಕ ಎಂದು ಅದರಿಂದಲೇ ಲೆಕ್ಕ ಹಾಕುತ್ತಿದ್ದಳು. ಮೇಯರನ ಭಾಮೈದನೇ ರಸ್ತೆ ಗುತ್ತಿಗೆದಾರ ಎಂದು ಕಂಡುಹಿಡಿದದ್ದು ಒಬ್ಬ ಮುದುಕನ ಸಾವಿನ ಚೀಟಿಯಿಂದ.

ಒಂದು ಕೆಲಸ ಮಾತ್ರ ಅವಳು ಮಾಡುತ್ತಿರಲಿಲ್ಲ. ಯಾರನ್ನೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

'ಒಂದ್ಸಲ ಅವರ ಮನೆಗೇ ಹೋಗಿ ಕೇಳಬಾರ್ದೇನೇ?' ಎಂದರೆ, 'ಬಾಯಿ ಸುಳ್ಳು ಹೇಳುತ್ತೆ, ಕಾಗದ ಹೇಳಲ್ಲ' ಎನ್ನುವಳು. ಬರೆದದ್ದನ್ನು ಅಂಟಿಸುವ ತನಕ ನನಗೂ ತೋರಿಸುತ್ತಿರಲಿಲ್ಲ. ಅವಳ ಹಾಳೆಯಲ್ಲಿ ಒಂದು ಅಕ್ಷರ ತಿದ್ದಬೇಕಾದ ಪ್ರಸಂಗ ಅದುವರೆಗೂ ಬಂದಿರಲಿಲ್ಲ. ಆ ಹೆಮ್ಮೆ ಅವಳಿಗೆ ಊಟದಷ್ಟೇ ಬೇಕಾಗಿತ್ತು.

ಆ ವರ್ಷ ಒಂದು ಪಟ್ಟಿಯ ತೀರ ಕೆಳಗೆ ಸ್ಪಾಸ್ಕಾ ಮ್ಲಾದೆನೊವಾ ಎಂಬ ಹೆಸರಿತ್ತು. ಸ್ಪಾಸ್ಕಾ ಆಂಬುಲೆನ್ಸಿನಲ್ಲಿ ನರ್ಸ್. ಜಿಲ್ಲಾ ಆಸ್ಪತ್ರೆಗೆ ಹೋಗುವ ಬಸ್ಸು ನಿಲ್ಲಿಸಿದರೆಂಬ ಸಿಟ್ಟಿಗೆ ನಿಂತವಳು. ಅತ್ತೆ ನೆದಾ ಅಜ್ಜಿಯನ್ನು ನೋಡಿಕೊಂಡು ಹೊಳೆದಂಡೆಯ ಬೀದಿಯಲ್ಲಿದ್ದಳು. ಅವಳ ಬಗ್ಗೆ ಗೆನಾಗೆ ಸಿಕ್ಕಿದ್ದು ಎರಡೇ ಕಾಗದ. ಒಂದು, ಬಸ್ ನಿಲ್ದಾಣದಲ್ಲಿ ಅವಳ ಗಂಡ ಲಾಚೆಜಾರನ ಸಾವಿನ ಚೀಟಿ. ಸತ್ತು ಒಂಬತ್ತು ವರ್ಷ ಎಂದು ಅದರಲ್ಲಿತ್ತು. ಇನ್ನೊಂದು, ಕಂಪನಿಗಳ ನೋಂದಣಿಯಲ್ಲಿ ಅದೇ ಲಾಚೆಜಾರ ಎರಡು ವರ್ಷದ ಹಿಂದೆ ಸ್ಪೇನಿನ ವಲೆನ್ಸಿಯಾದಲ್ಲಿ ಕೂತು ಹಾಕಿದ ಸಹಿ. ಪುರಸಭೆಯ ಹಳೆಯ ಹಣ್ಣಿನ ಗೋದಾಮನ್ನು ಬಾಡಿಗೆಗೆ ಹಿಡಿದಿದ್ದ ಕಂಪನಿಯಲ್ಲಿ ತನ್ನ ಪಾಲನ್ನು ಅವನು ಗೆಳೆಯನಿಗೆ ಬಿಟ್ಟುಕೊಟ್ಟಿದ್ದ.

ಸತ್ತವನು ಸಹಿ ಹಾಕುತ್ತಾನೆಯೆ? ಪುರಸಭೆಯ ಆಸ್ತಿಯ ಜೊತೆ ನಂಟಿದ್ದ ಗಂಡನನ್ನು ಮುಚ್ಚಿಡಲು ಅಭ್ಯರ್ಥಿ ವಿಧವೆಯ ವೇಷ ಹಾಕಿದ್ದಾಳೆ ಎಂದು ಗೆನಾ ತೀರ್ಮಾನಿಸಿದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ. ಆದರೆ ನಾನು ಊರು ಬಿಟ್ಟು ಹೋದವಳಲ್ಲ.

ಊರಲ್ಲೇ ಇದ್ದವರಿಗೆಲ್ಲ ವಿಷಯ ಗೊತ್ತಿತ್ತು. ಕಿತ್ತಳೆ ಕೀಳುವ ಕೆಲಸಕ್ಕೆಂದು ಸ್ಪೇನಿಗೆ ಹೋದ ಲಾಚೆಜಾರ, ನಮ್ಮ ಬಾಯಲ್ಲಿ ಲಾಚೊ, ಅಲ್ಲಿ ಇನ್ನೊಬ್ಬಳ ಜೊತೆ ನಿಂತ. ಅಪ್ಪ ತೀರಿಕೊಂಡಾಗ ಮಣ್ಣಿಗೂ ಬರಲಿಲ್ಲ. ಮಣ್ಣು ಮುಗಿಸಿ ಬಂದ ನೆದಾ ಅಜ್ಜಿ ಕಪ್ಪು ಬಟ್ಟೆಯಲ್ಲೇ ಚೀಟಿ ಮುದ್ರಿಸುವವನ ಹತ್ತಿರ ಹೋಗಿ, ಮಗನ ಫೋಟೊ ಮೇಜಿನ ಮೇಲೆ ಕುಕ್ಕಿ, 'ಇವನದ್ದೂ ಒಂದು ಮಾಡು. ಅಪ್ಪನ ಹೆಣಕ್ಕೆ ಬಾರದೋನು ನನ್ನ ಪಾಲಿಗೆ ಸತ್ತ' ಎಂದಳಂತೆ. ಪಾದ್ರಿ ಬೈದ, ಸ್ಪಾಸ್ಕಾ ಕಾಲು ಹಿಡಿದಳು, ಮುದುಕಿ ಬಗ್ಗಲಿಲ್ಲ. ಸತ್ತವರ ಹೆಸರಿನಲ್ಲಿ ಹಂಚುವ ಹಾಗೆ ಗೋಧಿ ಬೇಯಿಸಿ ಸಕ್ಕರೆ, ಅಕ್ರೋಟು ಉದುರಿಸಿ ನಿಲ್ದಾಣದಲ್ಲಿ ನಿಂತು ಹಂಚಿಯೇಬಿಟ್ಟಳು. ನಾವು ತಲೆ ತಗ್ಗಿಸಿಕೊಂಡು ತಿಂದೆವು. 'ದೇವರು ಅವನನ್ನ ಕ್ಷಮಿಸ್ಲಿ' ಎಂದೆವು. ಕ್ಷಮೆ ಬೇಕಾದವನು ಬದುಕಿದ್ದರೇನು, ಮಾತಿನಲ್ಲಿ ತಪ್ಪಿಲ್ಲವಲ್ಲ.

ವರ್ಷಗಳು ಕಳೆದ ಹಾಗೆ ಅಜ್ಜಿಗೆ ಅರಳುಮರಳು ಶುರುವಾಯಿತು. ಸಿಟ್ಟು ಮರೆಯಿತು, ಅದಕ್ಕೆ ಕಾರಣವೂ ಮರೆಯಿತು, ಚೀಟಿ ಒಂದು ಉಳಿಯಿತು. ಮಗ ನಿಜವಾಗಿಯೂ ಸತ್ತಿದ್ದಾನೆ ಎಂದೇ ಅವಳು ನಂಬಿದಳು. ದಿನಾ ಬೆಳಿಗ್ಗೆ ನಿಲ್ದಾಣಕ್ಕೆ ಬಂದು ಫೋಟೊದ ಮೇಲಿನ ಧೂಳು ತಲೆವಸ್ತ್ರದ ಅಂಚಿನಿಂದ ಒರೆಸಿ, ತಣ್ಣಗೆ ಮನೆಗೆ ಹೋಗುವಳು. ತನ್ನನ್ನು ಮರೆತುಬಿಟ್ಟ ಮಗನಿಗಿಂತ ಸತ್ತ ಮಗ ತಾಯಿಗೆ ಹಗುರ. ಅದಕ್ಕೇ ಪ್ರತಿ ವರ್ಷ ಹೊಸ ಚೀಟಿಯನ್ನು ಸ್ಪಾಸ್ಕಾಳೇ ಅಂಟಿಸುತ್ತಿದ್ದಳು. ಅದು ಊರೆಲ್ಲ ಸೇರಿ ಸಾಕಿದ ಸುಳ್ಳು.

ಗೆನಾ ತನ್ನ ಹಾಳೆಯನ್ನು ಆ ಚೀಟಿಯ ಪಕ್ಕದಲ್ಲೇ ಅಂಟಿಸಿದಳು. ಎರಡನ್ನೂ ಒಟ್ಟಿಗೆ ಓದಿದರೆ ಜನಕ್ಕೆ ಪುರಾವೆ ಸಿಕ್ಕಂತಾಗುತ್ತದೆ ಎಂಬ ಲೆಕ್ಕ. ಕಣ್ಣು ಮಂಜಾದವರಿಗೂ ಕಾಣಲಿ ಎಂದು ದಪ್ಪ ಅಕ್ಷರ ಬೇರೆ: 'ಸತ್ತನೆಂದು ಹೇಳಲಾಗುವ ಲಾಚೆಜಾರ್ ಮ್ಲಾದೆನೊವ್ ಜೀವಂತ.' ಮೊದಲು ಓದಿದವಳು ನೆದಾ ಅಜ್ಜಿ.

ಮಧ್ಯಾಹ್ನ ಸ್ಪಾಸ್ಕಾ ನನ್ನ ಅಂಗಡಿಗೆ ಬಂದಳು. ಆಂಬುಲೆನ್ಸಿನ ಕೆಂಪು ಜಾಕೆಟ್ಟು ಹಾಗೇ ಇತ್ತು. ಗೆನಾ ಕಿಟಕಿಯ ಬಳಿ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ತಿನ್ನುತ್ತಿದ್ದಳು. ಜಗಳವಾದರೆ ಮಧ್ಯೆ ಹೋಗೋಣವೆಂದು ನಾನು ಕೈ ಒರೆಸಿಕೊಂಡೆ. ಜಗಳವಾಗಲಿಲ್ಲ. ಸ್ಪಾಸ್ಕಾ ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು, ಹೊಟ್ಟೆನೋವು ಯಾವಾಗ ಶುರುವಾಯ್ತು ಎಂದು ರೋಗಿಗಳ ಮನೆಯವರು ಅವಳಿಗೆ ಹೇಳುವ ಹಾಗೆ.

'ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ ಗೆನಾ ಅಕ್ಕಾ. ಓಟು ಹಾಳಾಗಿ ಹೋಗ್ಲಿ. ಅತ್ತೆ ಬೆಳಿಗ್ಗೆಯಿಂದ ಲಾಚೊನ ಹಾಸಿಗೆ ಬಿಸಿಲಿಗೆ ಹಾಕ್ತಿದ್ದಾರೆ. ನಾನೇನು ಹೇಳ್ಲಿ ಅವರಿಗೆ?'

ಗೆನಾ ನನ್ನ ಕಡೆ ತಿರುಗಿದಳು. 'ನಿಂಗೂ ಗೊತ್ತಿತ್ತೇನೇ?'

'ನಿನ್ನೊಬ್ಬಳನ್ನ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಬೆಟ್ಟ ಅಗೆದು ಇಲಿ ಹಿಡಿದೆಯಲ್ಲೇ ಮಹಾತಾಯಿ! ಅದೂ ಪಕ್ಕದ ಮನೆಯವರು ಸಾಕಿದ ಇಲಿ' ಎಂದೆ. ಸಿಟ್ಟು ಬಂದರೆ ನನ್ನ ನಾಲಗೆಗೆ ಲಗಾಮಿಲ್ಲ. ಅವಳು ತಟ್ಟೆ ಸರಿಸಿ ಎದ್ದಳು. ಮುಖ ಕಿವಿಯವರೆಗೂ ಕೆಂಪಾಗಿತ್ತು. ನನಗೂ ನಾಚಿಕೆಯಾಯಿತು, ಅವಳಿಗಾಗಿ ಅರ್ಧ, ನನ್ನ ಬಾಯಿಗಾಗಿ ಅರ್ಧ.

ಹಾಳೆಯನ್ನು ಅವಳೇ ಉಗುರಿನಿಂದ ಕೆರೆದು ಕಿತ್ತಳು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಜ್ಜಿ ಅಂದಿನಿಂದ ಪ್ರತಿ ಬಸ್ಸಿಗೂ ನಿಲ್ದಾಣಕ್ಕೆ ಬರತೊಡಗಿದಳು. ಗೆನಾಳನ್ನು ಕಂಡರೆ ಸಾಕು, ಓಡಿಬಂದು ಕೈಹಿಡಿದು ಮುತ್ತಿಡುವಳು. 'ನೀನೇ ಅಲ್ವಾ ಮಗಳೇ, ನನ್ನ ಲಾಚೊನ ಬದುಕಿಸಿದೋಳು? ಕಾಗದದಲ್ಲಿ ಏನು ಬೇಕಾದ್ರೂ ಹುಡುಕ್ತೀಯಂತೆ. ಅವನ ಫೋನು ಹುಡುಕಿ ಕೊಡೇ ತಾಯಿ.' ಬೈದಿದ್ದರೆ ಗೆನಾ ತಡೆದುಕೊಳ್ಳುತ್ತಿದ್ದಳು. ಆ ಮುತ್ತು ತಡೆಯಲಾರದೆ ಹಿತ್ತಲ ಬಾಗಿಲಿನಿಂದ ಓಡಾಡಲು ಶುರುಮಾಡಿದಳು.

ಕೊನೆಗೆ ಫೋನು ಹುಡುಕಿದಳು. ಅವನನ್ನು ಒಂದು ಸಲ ಕರೆಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದಳು ಪಾಪ. ಲಾಚೊಗೆ ಈಗ ಅಲ್ಲಿ ಟೈರು ಅಂಗಡಿ ಇತ್ತು. ನನ್ನ ಅಂಗಡಿಯಲ್ಲೇ ಕೂತು, ನನಗೂ ಕೇಳುವಂತೆ ಫೋನು ಹಚ್ಚಿದಳು. ಅವನು ಎಲ್ಲ ಕೇಳಿಸಿಕೊಂಡ. ಹಿಂದೆ ಯಾವುದೋ ಮಗು ಸ್ಪ್ಯಾನಿಷಿನಲ್ಲಿ ಕೂಗುತ್ತಿತ್ತು.

'ಆ ಚೀಟಿಯ ಫೋಟೊ ನಂಗೂ ಬಂದಿತ್ತು' ಎಂದ. 'ನನ್ನ ಸಾಯಿಸಿದ್ದು ಅಮ್ಮ. ಸತ್ತೋನು ಹೆಂಗೆ ಬರ್ತಾನೆ ಹೇಳಿ? ಹಂಗೇ ಇರ್ಲಿ ಬಿಡಿ. ಇಲ್ಲಿಗೆ ಮತ್ತೆ ಫೋನು ಮಾಡ್ಬೇಡಿ.'

ಮರುದಿನ ಗೆನಾ ಇನ್ನೊಂದು ಹಾಳೆ ಬರೆದು, ಮೊದಲ ಸಲ, ಅಂಟಿಸುವ ಮುಂಚೆ ನನ್ನ ಮುಂದಿಟ್ಟಳು. 'ನನ್ನ ಹಾಳೆಯಲ್ಲಿ ಹೇಳಿದ ವ್ಯಕ್ತಿ ಅದೇ ಹೆಸರಿನ ಬೇರೊಬ್ಬ. ವಿಚಾರಿಸದೆ ಬರೆದೆ. ನೆದಾ ಮ್ಲಾದೆನೊವಾ ಅವರ ಮಗ ಲಾಚೆಜಾರ್ ತೀರಿಕೊಂಡಿರುವುದು ನಿಜ. ಆ ಕುಟುಂಬದ ಕ್ಷಮೆ ಕೇಳುತ್ತೇನೆ.' ಕೆಳಗೆ ಪೂರ್ತಿ ಹೆಸರು.

'ಇದು ಸುಳ್ಳು ಕಣೇ' ಎಂದೆ.

'ಗೊತ್ತು.'

'ಇನ್ಮೇಲೆ ನೀನು ಏನು ಬರೆದ್ರೂ ಯಾರೂ ನಂಬಲ್ಲ.'

'ಗೊತ್ತು ಅಂದೆನಲ್ಲ. ನೆದಮ್ಮನಿಗೆ ಓದಿ ಹೇಳ್ಬೇಕು. ನೀನೂ ಬಾ, ಒಬ್ಬಳೇ ಹೋಗೋಕೆ ಮುಖ ಇಲ್ಲ ನಂಗೆ.'

ಹಾಳೆ ಅಂಟಿಸುವಾಗ ನಿಲ್ದಾಣದಲ್ಲಿ ಮೇಯರನ ಕಡೆಯ ಇಬ್ಬರಿದ್ದರು. 'ಗೆನಾ ಮೇಡಂಗೆ ಕಣ್ಣು ಕಾಣಲ್ವಂತೆ, ಹಾಗಾದ್ರೆ ನಮ್ಮ ಬಗ್ಗೆ ಬರೆದಿದ್ದೂ ಹಂಗೇ ಇರ್ಬೇಕು' ಎಂದು ಹಲ್ಲು ಕಿಸಿದರು. ಅವರಿಗೂ ನಿಜ ಗೊತ್ತಿತ್ತು. ನಾಚಿಕೆಗೆಟ್ಟವರು! ಬಾಯಿ ತುಂಬ ಬಯ್ಯೋಣವೆಂದರೆ ಗೆನಾ ನನ್ನ ತೋಳು ಹಿಡಿದು ಎಳೆದಳು.

ನೆದಾ ಅಜ್ಜಿ ಅಡುಗೆಮನೆಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದಳು. ಸ್ಪಾಸ್ಕಾ ಕುರ್ಚಿ ಹಾಕಿದರೂ ಗೆನಾ ಕೂರಲಿಲ್ಲ. ನಿಂತೇ ಓದಿದಳು. ಆಯಸ್ಸೆಲ್ಲ ಕಾಗದ ಓದಿದವಳು ನಾಲ್ಕು ಸಾಲಿಗೆ ನಾಲ್ಕು ಸಲ ತಡವರಿಸಿದಳು.

ಅಜ್ಜಿ ಕೈಯಲ್ಲಿದ್ದ ಮೆಣಸಿನಕಾಯಿಯನ್ನು ಮೆಲ್ಲಗೆ ತಟ್ಟೆಗೆ ಇಟ್ಟಳು. 'ಬೇರೆಯವನಾ?'

'ಹೌದು ನೆದಮ್ಮ. ತಪ್ಪು ನಂದೇ.'

'ಹಾಗಾದ್ರೆ ನಾನು ಬಸ್ಸಿಗೆ ಹೋಗೋದು ಬೇಡ್ವಾ?'

ಗೆನಾ ಬೇಡ ಎಂದು ತಲೆಯಾಡಿಸಿದಳು.

ಅಜ್ಜಿ ಅಲ್ಲೇ ನೆಲಕ್ಕೆ ಕುಸಿದು, ಮಸಿ ಕೈಯಿಂದಲೇ ಎದೆ ಬಡಿದುಕೊಂಡು, ನನ್ನ ಕಂದಾ ಎಂದು ಅಳತೊಡಗಿದಳು. ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಸ್ಪಾಸ್ಕಾ ಅತ್ತೆಯನ್ನು ತಬ್ಬಿಕೊಂಡು, ತಲೆಯೆತ್ತಿ ಗೆನಾಳನ್ನು ನೋಡಿದಳು.

'ಮೊದಲನೇ ಸಲ ಚೀಟಿ ಅಂಟಿಸಿದಾಗ ಸಿಟ್ಟಲ್ಲಿ ಒಂದು ಹನಿ ಕಣ್ಣೀರೂ ಹಾಕಿರ್ಲಿಲ್ಲ ಇವರು. ಇಷ್ಟು ವರ್ಷ ಒಂದ್ಸಲವೂ ಅತ್ತಿರ್ಲಿಲ್ಲ, ಗೆನಾ ಅಕ್ಕಾ. ಮಗ ಸತ್ತಿದ್ದು ಇವತ್ತೇ.'