ಒಂದು ಸೊಪ್ಪು, ಎರಡು ತಟ್ಟೆ

ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಬಾರದು ಎಂಬ ಹಿತವಚನ ನನ್ನ ಫೋನಿಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಕಳಿಸುವವರು ಬಹುಪಾಲು ನನ್ನಂತೆಯೇ ನಿವೃತ್ತರಾದ ಅಧ್ಯಾಪಕರು; ಜೀವಮಾನವಿಡೀ ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಹೋಗಿದ್ದು, ರಕ್ತಪರೀಕ್ಷೆಯ ವರದಿ ಕೈಗೆ ಬಂದ ದಿನದಿಂದ ಪಾಕಶಾಸ್ತ್ರದಲ್ಲಿ ಪಾಂಡಿತ್ಯ ಪಡೆದವರು. ಎಣ್ಣೆಯನ್ನು ಸುರಿಯಬೇಡಿ, ಚಮಚದಲ್ಲಿ ಹಾಕಿ. ಉಪ್ಪನ್ನು ಕೊನೆಗೆ ಹಾಕಿ, ಕಡಿಮೆ ಸಾಕಾಗುತ್ತದೆ. ಹಪ್ಪಳವನ್ನು ಕರಿಯಬೇಡಿ, ಸುಡಿ. ರಾತ್ರಿಯ ಊಟವನ್ನು ಬೇಗ ಮುಗಿಸಿ. ಎಲ್ಲವೂ ಒಳ್ಳೆಯ ಮಾತುಗಳೇ. ನಾನೂ ಪಾಲಿಸುತ್ತೇನೆ, ಪಾಲಿಸಲಾಗದ್ದನ್ನು ಮುಂದಿನವರಿಗೆ ಕಳಿಸುತ್ತೇನೆ. ಸೊಪ್ಪಿನ ನೀರಿನ ಮಾತೊಂದನ್ನು ಮಾತ್ರ ಇದುವರೆಗೆ ಯಾರಿಗೂ ಕಳಿಸಿಲ್ಲ.

ನಮ್ಮ ಕಡೆಯವರಿಗೆ ಅದನ್ನು ಹೇಳಬೇಕಾಗಿಯೂ ಇಲ್ಲ ನೋಡಿ. ಈ ಬಯಲುಸೀಮೆಯ ಜನ ನೀರನ್ನು ಯಾವ ರೂಪದಲ್ಲೂ ಚೆಲ್ಲಿದವರಲ್ಲ. ಅಲಸಂದೆಯನ್ನೋ ಹುರುಳಿಯನ್ನೋ ಸೊಪ್ಪಿನ ಜೊತೆ ಬೇಯಿಸಿ, ಬಸಿದು, ಆ ಬಸಿದ ನೀರಿಗೆ ಕಟ್ಟು ಎಂದು ಹೆಸರಿಟ್ಟು, ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಜೊತೆ ಒಂದು ಹಿಡಿ ಬೆಂದ ಸೊಪ್ಪನ್ನೇ ಅರೆದು ಅದಕ್ಕೆ ಕದಡಿ ಕುದಿಸಿದರೆ ಬಸ್ಸಾರು. ಉಳಿದ ಸೊಪ್ಪು-ಕಾಳಿಗೆ ಒಂದು ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯೊಳಗಿಂದ ಮುದ್ದೆಗೆ ಬೇಕಾದ ಎರಡೂ ಹೊರಬರುತ್ತವೆ. ಆರೋಗ್ಯದ ಹೆಸರೆತ್ತದೆಯೇ ಆರೋಗ್ಯವಾಗಿದ್ದ ಅಡುಗೆ ಅದು. ಅದರ ಅರ್ಧ ಭಾಗವನ್ನು ಸಿಂಕಿಗೆ ಸುರಿಯಬೇಕಾದ ಕಾಲ ನನ್ನ ಮನೆಗೆ ಬರುತ್ತದೆಂದು ನಾನು ಎಣಿಸಿರಲಿಲ್ಲ. ಅಕ್ಕನಂತೂ ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ನಾವು ಹುಟ್ಟಿದ್ದು ಧರ್ಮಪುರದ ಕಡೆಯ ಒಂದು ಹಟ್ಟಿಯಲ್ಲಿ. ಅಪ್ಪ, ಅವ್ವ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗೆ ಹೋದಾಗ ಒಲೆಯ ಮುಂದೆ ಕೂರುತ್ತಿದ್ದವಳು ಅವಳೇ. ಆಮೇಲೆ ಯಲ್ಲದಕೆರೆಗೆ ಮದುವೆಯಾಗಿ ಹೋಗಿ, ಅಲ್ಲೂ ಕುರಿ, ಹೊಲ, ಒಲೆ ಎಂದು ಬದುಕಿ, ಗಂಡನನ್ನು ಕಳೆದುಕೊಂಡು, ಮಗನಿಗೆ ಹಿಂಡನ್ನು ಒಪ್ಪಿಸಿ ಇನ್ನೇನು ಕಟ್ಟೆಯ ಮೇಲೆ ಕೂರಬೇಕು ಎನ್ನುವಷ್ಟರಲ್ಲಿ ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕೆಂದರು. ಯಲ್ಲದಕೆರೆಯಿಂದ ಹಿರಿಯೂರಿಗೊಂದು ಬಸ್ಸು, ಹಿರಿಯೂರಿನಿಂದ ಚಿತ್ರದುರ್ಗಕ್ಕೊಂದು ಬಸ್ಸು ಹತ್ತಿ ಇಳಿಯುವ ಶಕ್ತಿ ಅವಳಲ್ಲಿರಲಿಲ್ಲ. ನಾನು ಮದುವೆಯಾಗದವನು; ಹೊಸದುರ್ಗದ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ಮುಗಿಸಿ, ಚಿತ್ರದುರ್ಗದಲ್ಲಿ ಮನೆ ಮಾಡಿಕೊಂಡು, ಉಪ್ಪಿಟ್ಟು ಮತ್ತು ಹೋಟೆಲುಗಳ ನಡುವೆ ಜೀವನ ಸಾಗಿಸುತ್ತಿದ್ದವನು. ಅಕ್ಕ ನನ್ನ ಮನೆಗೆ ಬಂದಳು. ಅಡುಗೆ ಎಂಬುದು ಅಂದಿನಿಂದ ನನ್ನ ಪಾಲಿಗೆ ಬಂತು.

ಆಸ್ಪತ್ರೆಯಲ್ಲಿ ಊಟದ ಪಥ್ಯ ಹೇಳುವ ಒಬ್ಬ ಹುಡುಗಿ ಇದ್ದಳು. ತಾಳ್ಮೆಯವಳು. "ನೋಡಿ ಸರ್, ಸೊಪ್ಪನ್ನ ಸಣ್ಣಗೆ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರನ್ನ ಪೂರ್ತಿ ಚೆಲ್ಲಿಬಿಡಿ" ಎಂದಳು. ಸೊಪ್ಪಿನೊಳಗಿನ ಪೊಟ್ಯಾಸಿಯಂ ನೀರಿಗಿಳಿಯುತ್ತದೆ, ಆರೋಗ್ಯವಂತರಿಗೆ ಅದು ಒಳ್ಳೆಯದು, ಅಕ್ಕನ ದೇಹ ಮಾತ್ರ ಅದನ್ನು ಹೊರಹಾಕಲಾರದು, ಹೆಚ್ಚಾದರೆ ಹೃದಯವೇ ನಿಲ್ಲಬಹುದು ಎಂದು ವಿವರಿಸಿದಳು. ಉಪ್ಪು ಹೆಸರಿಗಷ್ಟೇ. ಕುಡಿಯುವ ನೀರು ಅಳತೆಯಲ್ಲಿ. ರಾಗಿಯೂ ಕಡಿಮೆ, ಅನ್ನ ಆಗಬಹುದು. ಜ್ವರ ಬಂದಾಗ ಮಾತ್ರ ಅನ್ನ ಉಂಡು ಬೆಳೆದ ಅಕ್ಕ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಕೇಳಿಸಿಕೊಂಡು, ಹೊರಗೆ ಬಂದ ಮೇಲೆ ಬಾಯಿ ಬಿಟ್ಟಳು.

"ಯಾವೂರ ಹುಡುಗಿನಪ್ಪ ಅದು?"

"ಹೊಳಲ್ಕೆರೆ ಕಡೆಯವಳಂತೆ."

"ಹಂಗಾರೆ ಬಸ್ಸಾರು ಉಂಡೇ ಬೆಳೆದಿರ್ತಾಳೆ. ಕಟ್ಟು ಚೆಲ್ಲು ಅನ್ನಾಕೆ ಬಾಯಾದ್ರೂ ಹೆಂಗೆ ಬಂತೋ ಅದಕ್ಕೆ!"

ಮರುದಿನದಿಂದ ಅಡುಗೆಮನೆಯ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಿತ್ತು, ಅದರ ಮೇಲೆ ಅಕ್ಕ. ನಾನು ಸೊಪ್ಪು ಹೆಚ್ಚುವುದನ್ನು ನೋಡಿ ಅವಳು ನಕ್ಕಷ್ಟು ನನ್ನ ಮೂವತ್ತು ವರ್ಷದ ಪಾಠಕ್ಕೆ ಯಾವ ವಿದ್ಯಾರ್ಥಿಯೂ ನಕ್ಕಿರಲಾರ. ಬಸಿಯುವ ಹೊತ್ತಿಗೆ ಮಾತ್ರ ನಗು ನಿಲ್ಲುತ್ತಿತ್ತು.

"ಲೇ, ಚೆಲ್ಲಿದೇನೋ?"

"ಚೆಲ್ದೆ ಅಕ್ಕ."

"ಪೂರಾ?"

"ಪೂರಾ."

"ಶಿವನೇ. ಸತ್ವ ಎಲ್ಲಾ ಮೋರಿಗೆ ಹಾಕಿ, ಅಕ್ಕಂಗೆ ಚರಟ ಇಕ್ತೀಯಲ್ಲೋ."

ಆ ಚರಟವನ್ನು ಉಣ್ಣುವಂತೆ ಮಾಡುವುದೇ ನನ್ನ ಸಂಶೋಧನೆಯಾಯಿತು. ಉಪ್ಪಿಲ್ಲದ ಜಾಗವನ್ನು ಹುಳಿ ಅರ್ಧ ತುಂಬುತ್ತದೆ, ಸುವಾಸನೆ ಇನ್ನರ್ಧ ತುಂಬುತ್ತದೆ ಎಂಬುದನ್ನು ನಿಧಾನವಾಗಿ ಕಂಡುಕೊಂಡೆ. ಜೀರಿಗೆಯನ್ನು ಹುರಿದು ಆಗಲೇ ಪುಡಿ ಮಾಡಬೇಕು, ನಿಂಬೆಹಣ್ಣನ್ನು ಒಲೆ ಆರಿಸಿದ ಮೇಲೆ ಹಿಂಡಬೇಕು, ಒಂದೇ ಚಮಚ ಎಣ್ಣೆಯಾದರೂ ಬೆಳ್ಳುಳ್ಳಿಯನ್ನು ಜಜ್ಜಿ ಕೆಂಪಗಾಗುವವರೆಗೆ ಬಿಟ್ಟರೆ ಅದೇ ಸಾಕು. ನನ್ನ ಮಿತ್ರರ ಹಿತವಚನಗಳಿಗಿಂತ ಇವು ಹೆಚ್ಚು ಕೆಲಸಕ್ಕೆ ಬಂದವು. ಇವೂ ವ್ಯರ್ಥವಾದ ದಿನಗಳಿದ್ದವು. ತಟ್ಟೆಯನ್ನು ಮುಂದಕ್ಕೆ ತಳ್ಳಿ ಅಕ್ಕ ಗೋಡೆಯ ಕಡೆ ತಿರುಗುತ್ತಿದ್ದಳು. ಉಣ್ಣದಿದ್ದರೆ ಡಯಾಲಿಸಿಸ್ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲವೆಂದು ವೈದ್ಯರು ಹೇಳಿದ್ದರು. ಹೀಗಾಗಿ ಅವಳು ಬಿಟ್ಟ ಒಂದೊಂದು ತುತ್ತೂ ನನ್ನನ್ನು ಹೆದರಿಸುತ್ತಿತ್ತು.

ನೋಡಲು ಬಂದ ನೆಂಟರೋ, ಪ್ರೀತಿಯಿಂದ ನಿಷಿದ್ಧ ಪದಾರ್ಥಗಳನ್ನೇ ಹೊತ್ತು ತರುತ್ತಿದ್ದರು. ಹಿರಿಯೂರಿನ ತೋಟದ ಎಳನೀರು, ಧರ್ಮಪುರದ ಶೇಂಗಾ, ಬಾಳೆಗೊನೆ. ಒಂದನ್ನೂ ಅವಳಿಗೆ ಕೊಡುವಂತಿಲ್ಲ, ಯಾವುದನ್ನೂ ಎಸೆಯುವಂತಿಲ್ಲ. ಎಲ್ಲವನ್ನೂ ನಾನೇ ತಿಂದೆ. ರೋಗಿ ಕೃಶವಾಗುತ್ತ ಹೋದಂತೆ ಶುಶ್ರೂಷಕ ಸ್ಥೂಲನಾಗುತ್ತ ಹೋದ ವಿಚಿತ್ರವನ್ನು ಕಂಡು ಅಕ್ಕ, "ಕಾಯಿಲೆ ನಂಗೋ ನಿಂಗೋ, ನೋಡಿದೋರಿಗೆ ತಿಳೀದಂಗೆ ಆಗೈತೆ" ಎಂದಳು.

ಕಟ್ಟನ್ನೂ ನಾನು ಚೆಲ್ಲುತ್ತಿದ್ದುದು ಕೆಲವು ದಿನ ಮಾತ್ರ. ಒಂದು ದಿನ ಕೈ ಬರಲಿಲ್ಲ. ಪಾತ್ರೆಯೊಂದಕ್ಕೆ ಬಸಿದಿಟ್ಟು, ಮಧ್ಯಾಹ್ನ ಅಕ್ಕ ಮಲಗಿದ ಮೇಲೆ ಬಾಗಿಲೆಳೆದುಕೊಂಡು, ತೋಚಿದ್ದನ್ನು ಅರೆದು ಹಾಕಿ ಸಾರು ಮಾಡಿ, ನಿಂತೇ ಉಣ್ಣುತ್ತಿದ್ದೆ. ಒಳಗಿನಿಂದ ದನಿ ಬಂತು.

"ಬೆಳ್ಳುಳ್ಳಿ ಹಸೀದೇ ಅರೆದೀಯ. ಸುಟ್ಟು ಅರೀಬೇಕು."

ತಟ್ಟೆಯ ಮೇಲೊಂದು ಮುಚ್ಚಳ ಮುಚ್ಚಿದೆ.

"ಕಳ್ಳನಂಗೆ ಯಾಕೋ ಉಣ್ತೀಯ? ತಟ್ಟೆ ತಗಂಡು ಇಲ್ಲಿ ಬಾ. ನನ್ನೆದುರಿಗೆ ಕುಂತ್ಕಂಡು ಉಣ್ಣು. ವಾಸನೆಗೇನು ಪಥ್ಯ ಇಲ್ವಲ್ಲ."

ಅಂದಿನಿಂದ ಒಂದೇ ಸೊಪ್ಪು ಎರಡು ತಟ್ಟೆಗೆ ಹೋಗತೊಡಗಿತು. ಬಸಿದುಳಿದ ಸೊಪ್ಪು ಅವಳಿಗೆ, ಬಸಿದ ನೀರು ನನಗೆ. ಅವಳು ಮೂಸುತ್ತಲೇ ನನಗೆ ಬಸ್ಸಾರು ಕಲಿಸಿದಳು. "ಇವತ್ತು ಹುಣಸೆ ಮುಂದಾಯ್ತು" ಎನ್ನುವಳು. ನಾಲಿಗೆಗಿಟ್ಟರೆ ನಿಜವಾಗಿಯೂ ಮುಂದಾಗಿರುತ್ತಿತ್ತು. "ಮೆಣಸಿನಕಾಯಿ ಕರಕಲು ಮಾಡಿದೀಯ" ಎನ್ನುವಳು, ಮಾಡಿರುತ್ತಿದ್ದೆ. ನಾನು ಉಣ್ಣುವುದನ್ನು ನೋಡುತ್ತ ನೋಡುತ್ತ ಅವಳ ತಟ್ಟೆಯೂ ಖಾಲಿಯಾಗುತ್ತಿತ್ತು. ಎದುರಿಗೊಬ್ಬರು ಕುಳಿತು ಉಂಡರೆ ಸಪ್ಪೆ ಸೊಪ್ಪೂ ಒಳಗಿಳಿಯುತ್ತದೆ ಎಂಬ ಸರಳ ಉಪಾಯವನ್ನು ಯಾವ ಹಿತವಚನವೂ ನನಗೆ ಕಳಿಸಿರಲಿಲ್ಲ.

ಹೀಗೆ ಉಣ್ಣುತ್ತಿದ್ದಾಗ ಒಮ್ಮೆ ಭಾವುಕನಾಗಿ, ಚಿಕ್ಕಂದಿನಲ್ಲಿ ನೀನು ನನಗೆ ಗಟ್ಟಿ ಸಾರು ಬಡಿಸಿ ಬರೀ ಪಲ್ಯದಲ್ಲಿ ಮುದ್ದೆ ಮುಗಿಸುತ್ತಿದ್ದೆಯಲ್ಲ, ಈಗಲೂ ಹಾಗೆಯೇ ಆಯಿತು ಎಂದೆ. ಅಕ್ಕ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. "ಯಾರು ಹೇಳಿದ್ದು? ನೀನು ಸಾರು ಮುಟ್ತಿರಲಿಲ್ಲ. ಖಾರ ಅಂತ ಅಳ್ತಿದ್ದೆ. ಪಲ್ಯ ಎಲ್ಲಾ ನಿಂಗಿಕ್ಕಿ ಸಾರು ಉಂಡೋಳು ನಾನು." ನನ್ನ ಕಣ್ಣ ಮುಂದೆ ಇದ್ದುದು ಬೇರೆಯೇ ಚಿತ್ರ: ಮಣ್ಣಿನ ಒಲೆ, ನನ್ನ ತಟ್ಟೆಯಲ್ಲಿ ಆವಿಯಾಡುವ ಸಾರು, ಅವಳ ತಟ್ಟೆಯ ಅಂಚಿನಲ್ಲಿ ಒಣಗಿದ ಪಲ್ಯ. ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು, ಸ್ವಂತ ತಟ್ಟೆಯಲ್ಲಿ ಏನಿತ್ತೆಂಬುದನ್ನೇ ತಪ್ಪಾಗಿ ನೆನಪಿಟ್ಟುಕೊಂಡಿದ್ದೆನೇನೋ ಎನಿಸಿತು. ಅಥವಾ ತಪ್ಪಿದ್ದು ಅವಳೇ ಇರಬಹುದು. ತೀರ್ಪು ಹೇಳಬಲ್ಲ ಮೂರನೆಯವರು ಯಾರೂ ಉಳಿದಿರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಅಕ್ಕನಿಗೆ ಒಂದು ಹಟ ಹಿಡಿಯಿತು. "ಒಂದು ಸಲ ಕಣೋ. ಕಲಿಸಿದೋಳು ನಾನು. ಹೆಂಗಾಗೈತೆ ಅಂತ ನಂಗೆ ಗೊತ್ತಾಗದು ಬ್ಯಾಡ್ವೇನೋ? ಒಂದು ಸೌಟು ಇಕ್ಕು." ನಾನು ಇಕ್ಕಲಿಲ್ಲ. ಮುಂದಿನ ವರದಿ ನೋಡೋಣ ಎಂದೆ. ವರದಿ ಬಂದಾಗ ಇನ್ನೊಂದು ವರದಿ ನೋಡೋಣ ಎಂದೆ. ಪಥ್ಯದ ಹುಡುಗಿಯನ್ನು ಕೇಳಿದರೆ ಅವಳೂ ಬೇಡವೆಂದು ತಲೆಯಾಡಿಸಿಬಿಟ್ಟಳು. ಅಕ್ಕ ಹಟ ಬಿಡಲಿಲ್ಲ, ಕೇಳುವ ದನಿ ಮಾತ್ರ ಸಣ್ಣದಾಗುತ್ತ ಬಂತು. ಬಯ್ಯುವುದನ್ನು ನಿಲ್ಲಿಸಿ "ಆದೀತಾ?" ಎಂದು ಕೇಳತೊಡಗಿದಳು. ಅದನ್ನು ಕೇಳಿಸಿಕೊಳ್ಳುವುದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಒಂದು ಬೆಳಿಗ್ಗೆ ಡಯಾಲಿಸಿಸ್ ಮುಗಿದ ಮೇಲೆ ವೈದ್ಯರು ನನ್ನನ್ನು ಹೊರಗೆ ಕರೆದು, ಮೆಲ್ಲಗೆ, "ಇನ್ಮೇಲೆ ಅವರು ಕೇಳಿದ್ದನ್ನ ಕೊಡಿ ಸರ್" ಎಂದರು. ನನಗೆ ಅಪಾರ ಸಂತೋಷವಾಯಿತು. ಕೈಮುಗಿದೆ. ಅಕ್ಕನನ್ನು ಆಟೋದಲ್ಲಿ ಮನೆಗೆ ತಂದು ಮಲಗಿಸಿ, ಅದೇ ಹುರುಪಿನಲ್ಲಿ ಮಾರುಕಟ್ಟೆಗೆ ಹೋಗಿ, ಹೊನಗೊನ್ನೆ ಸೊಪ್ಪಿನ ಒಳ್ಳೆಯ ಕಟ್ಟುಗಳನ್ನು ಆರಿಸುತ್ತ, ಮಾರುವ ಹೆಂಗಸಿನೊಡನೆ ಚೌಕಾಸಿ ಬೇರೆ ಮಾಡುತ್ತಿದ್ದಾಗ, ವೈದ್ಯರು ಹೇಳಿದ ಮಾತಿನ ಅರ್ಥ ನನಗೆ ತಿಳಿಯಿತು. ಕೈಯಲ್ಲಿ ಸೊಪ್ಪು ಹಿಡಿದು ಹಾಗೆಯೇ ನಿಂತಿದ್ದೆನಂತೆ. "ಬ್ಯಾಡಾಗಿದ್ರೆ ಬಿಡ್ರಿ ಸಾರ್, ಹಿಂಗೆ ಹಿಡಕಂಡು ನಿಂತ್ರೆ ಬಾಡೋಗ್ತೈತೆ" ಎಂದು ಅವಳು ಗದರಿದಳು. ದಿನಚರಿ ಬರೆಯುವ ಹಳೆಯ ಚಟ ನನಗಿದೆ. ಆ ದಿನದ ಪುಟದಲ್ಲಿ ಇರುವುದು "ಸೊಪ್ಪು ತಂದೆ" ಎಂಬ ಎರಡೇ ಪದ.

ಅಂದು ಅಲಸಂದೆ, ಹೊನಗೊನ್ನೆ ಬೇಯಿಸಿ, ಬೆಳ್ಳುಳ್ಳಿ ಸುಟ್ಟು, ಮೆಣಸಿನಕಾಯಿ ಕರಕಲಾಗದಂತೆ ಹುರಿದು, ಕೊಬ್ಬರಿ ಹಾಕಿ ಅರೆದು, ಅವಳು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಡದೆ ಸಾರು ಮಾಡಿದೆ. ಪಲ್ಯಕ್ಕೂ ಉಪ್ಪು ಹಾಕಿದೆ. ಸಣ್ಣದೊಂದು ಮುದ್ದೆ ಕಟ್ಟಿದೆ. ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿ ತಟ್ಟೆ ಇಟ್ಟೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಮುದ್ದೆಯ ಚೂರೊಂದನ್ನು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟುಕೊಂಡು, ಕಣ್ಣು ಕಿರಿದು ಮಾಡಿದಳು.

"ಲೇ, ಉಪ್ಪು ಸುರಿದುಬಿಟ್ಟೀಯಲ್ಲೋ."

ನಾನು ರುಚಿ ನೋಡಿದೆ. ಎಂದಿನಷ್ಟೇ ಇತ್ತು. ತಿಂಗಳುಗಟ್ಟಲೆ ಸಪ್ಪೆ ಉಂಡ ನಾಲಿಗೆಗೆ ಅಷ್ಟೂ ಹೆಚ್ಚಾಗಿತ್ತು. ನಾನು ಅಷ್ಟು ಜತನದಿಂದ ಅವಳಿಗೆ ಅಭ್ಯಾಸ ಮಾಡಿಸಿದ್ದು ಆ ಸಪ್ಪೆಯನ್ನೇ. ಅವಳು ಇನ್ನೊಂದು ತುತ್ತಿಗೆ ಪ್ರಯತ್ನಪಟ್ಟು ಬಿಟ್ಟಳು. ತಟ್ಟೆಯನ್ನು ನನ್ನ ಕಡೆ ಸರಿಸಿ, "ನೀನು ಉಣ್ಣು. ನನ್ನ ಸೊಪ್ಪು ಎಲ್ಲೈತೆ?" ಎಂದಳು.

ಅವಳ ಸೊಪ್ಪನ್ನು ಅಂದು ನಾನು ಬೇರೆ ತೆಗೆದಿಟ್ಟಿರಲಿಲ್ಲ. ಅಡುಗೆಮನೆಗೆ ಹೋಗಿ, ಒಗ್ಗರಣೆ ಹಾಕಿದ್ದ ಪಲ್ಯವನ್ನು ಜಾಲರಿಗೆ ಸುರಿದು, ಬಿಸಿನೀರು ಹೊಯ್ದು ಹೊಯ್ದು ಉಪ್ಪು ತೊಳೆದು, ಹಿಂಡಿ, ಮೇಲೆ ಎರಡು ಹನಿ ನಿಂಬೆರಸ ಬಿಟ್ಟು ತಂದುಕೊಟ್ಟೆ. ಅಕ್ಕ ನಿಧಾನವಾಗಿ ಅಗಿದಳು. "ಹ್ಞಾ" ಎಂದಳು. ಆಮೇಲೆ ನನ್ನ ತಟ್ಟೆಯ ಕಡೆ ಕೈ ತೋರಿಸಿ, "ವಾಸನೆ ಸರಿ ಬಂದೈತೆ ಬಿಡು. ಕಲ್ತೀಯ" ಎಂದಳು.

ಉಪ್ಪು ನಿಜವಾಗಿಯೂ ಹೆಚ್ಚಾಗಿತ್ತೋ, ನುಂಗಲಾರದೆ ಅವಳು ಹಾಗೊಂದು ನೆಪ ಹೇಳಿದಳೋ, ನನಗೆ ಖಚಿತವಿಲ್ಲ. ಆ ದಿನ ನನ್ನ ನಾಲಿಗೆಯೂ ನೆಚ್ಚಿಕೊಳ್ಳುವಂತಿರಲಿಲ್ಲ. ಮುಂಗಾರಿಗೆ ಮೊದಲೇ ಅಕ್ಕ ಹೋದಳು. ಮಗ ಹಿಂಡನ್ನು ಯಾರಿಗೋ ಒಪ್ಪಿಸಿ ಓಡಿಬಂದ. ಯಲ್ಲದಕೆರೆಯ ಹೊಲದಲ್ಲಿ, ಭಾವನ ಪಕ್ಕದಲ್ಲಿ ಮಣ್ಣು ಮಾಡಿದೆವು.

ಈಗಲೂ ಸೊಪ್ಪು ತರುತ್ತೇನೆ. ನೀರನ್ನು ಚೆಲ್ಲುವುದಿಲ್ಲ. ಕಟ್ಟು, ಪಲ್ಯ ಎರಡೂ ಒಂದೇ ತಟ್ಟೆಗೆ ಬರುತ್ತವೆ. ಎಣ್ಣೆ ಒಂದು ಚಮಚ, ಉಪ್ಪು ಕೊನೆಯಲ್ಲಿ, ಜೀರಿಗೆ ಆಗಲೇ ಹುರಿದದ್ದು. ನನ್ನ ರಕ್ತಪರೀಕ್ಷೆಯ ವರದಿಯನ್ನು ನೋಡಿ ವೈದ್ಯರು, ಮನೆಯಲ್ಲಿ ಯಾರು ಸರ್ ಇಷ್ಟು ಚೆನ್ನಾಗಿ ನೋಡಿಕೊಳ್ಳೋರು ಎಂದು ಕೇಳಿದರು. ಸಾರು ಕುದಿಯುವಾಗ ಪಾತ್ರೆಯ ಮೇಲೆ ಬಾಗಿ ಮೂಸಿ ನೋಡುತ್ತೇನೆ. ಹುಣಸೆ ಮುಂದಾಯಿತೋ ಹಿಂದಾಯಿತೋ ನನಗೇನೂ ತಿಳಿಯುವುದಿಲ್ಲ. ಚಮಚ ತೆಗೆದುಕೊಂಡು ರುಚಿ ನೋಡುತ್ತೇನೆ.